ನೀಲಿ ಮಾಯವಾಯಿತು, ಸರಿ. ಪಕ್ಕದ ತಟ್ಟೆ ಎಲ್ಲಿ?

ಒಂದು ಭಾನುವಾರ ನಮ್ಮ ಅಪಾರ್ಟ್‌ಮೆಂಟ್ ಸಂಘದ ಸಭೆಗೆ ಕೋಟಿಂಗ್ ಕಂಪನಿಯವರೊಬ್ಬರು ಬಂದಿದ್ದರು. ಲಿಫ್ಟ್ ಲಾಬಿ, ಮೆಟ್ಟಿಲ ಕಂಬಿ, ಮಕ್ಕಳ ಆಟದ ಕೋಣೆ, ಎಲ್ಲಕ್ಕೂ ನೀರಿನಂಥ ಒಂದು ದ್ರಾವಣ ಸ್ಪ್ರೇ ಮಾಡಿಕೊಡುತ್ತಾರಂತೆ. ಬೆಳಕು ಬಿದ್ದರೆ ಸಾಕು, ಬ್ಯಾಕ್ಟೀರಿಯಾ ಸಾಯುತ್ತದೆ, ವಾಸನೆ ಹೋಗುತ್ತದೆ, ಗಾಳಿ ಶುದ್ಧವಾಗುತ್ತದೆ, ಗೋಡೆ ತನ್ನನ್ನು ತಾನೇ ತೊಳೆದುಕೊಳ್ಳುತ್ತದೆ ಎಂದರು. ಮಾತಿನ ಜೊತೆ ಪುರಾವೆಯೂ ಇತ್ತು. ಕೋಟಿಂಗ್ ಹಚ್ಚಿದ ಟೈಲ್ಸ್ ತುಂಡೊಂದನ್ನು ತಟ್ಟೆಯಲ್ಲಿಟ್ಟು, ಅದರ ಮೇಲೆ ನೀಲಿ ನೀರು ಸುರಿದು, ಬಿಸಿಲಿಗೆ ಇಟ್ಟರು. ನಾವು ಕಾಫಿ ಕುಡಿದು, ಟ್ಯಾಂಕರ್ ನೀರಿನ ಜಗಳ ಮುಗಿಸುವಷ್ಟರಲ್ಲಿ ನೀಲಿ ಹೆಚ್ಚುಕಡಿಮೆ ಮಾಯವಾಗಿತ್ತು.

ಎಲ್ಲರೂ ತಲೆದೂಗಿದರು. "ಕೋಟಿಂಗ್ ಇಲ್ಲದ ಟೈಲ್ಸ್ ಇಟ್ಟ ಇನ್ನೊಂದು ತಟ್ಟೆ ಎಲ್ಲಿ ಸಾರ್?" ಎಂದು ನಾನು ಕೇಳಿದೆ. ಇನ್ನೊಂದು ತಟ್ಟೆ ಇರಲಿಲ್ಲ.

ಕೇಳಿದ್ದು ಕಿರಿಕಿರಿ ಮಾಡಬೇಕು ಅಂತಲ್ಲ. ಈ ಕೋಟಿಂಗುಗಳ ಹಿಂದಿನ ವಿಜ್ಞಾನ ಸುಳ್ಳಲ್ಲ. ಆದರೆ ಇವುಗಳ ಪರೀಕ್ಷೆ ಇದೆಯಲ್ಲ, ಅದರ ಜೀವ ಇರುವುದೇ ಆ ಪಕ್ಕದ ತಟ್ಟೆಯಲ್ಲಿ.

ಮೊದಲು ಕೆಲಸ ಹೇಗೆ ನಡೆಯುತ್ತದೆ ನೋಡೋಣ. ಇಂಥ ಕೋಟಿಂಗುಗಳಲ್ಲಿ ಬಹುಪಾಲು ಇರುವುದು ಟೈಟಾನಿಯಂ ಡೈಆಕ್ಸೈಡ್. ಬಿಳಿ ಪೇಂಟ್‌ನಲ್ಲಿ, ಸನ್‌ಸ್ಕ್ರೀನ್‌ನಲ್ಲಿ ಇರುವ ಅದೇ ಬಿಳಿ ಪುಡಿ. ಅದರ ಹರಳುಗಳಲ್ಲಿ ಮುಖ್ಯವಾಗಿ ಎರಡು ಬಗೆ: ಅನಟೇಸ್ ಮತ್ತು ರೂಟೈಲ್. ಬೆಳಕಿನಿಂದ ಕೆಲಸ ಮಾಡಿಸಲು ಸಾಮಾನ್ಯವಾಗಿ ಆರಿಸುವುದು ಅನಟೇಸನ್ನು. ಸುಮಾರು 388 ನ್ಯಾನೊಮೀಟರಿಗಿಂತ ಚಿಕ್ಕ ತರಂಗದ ಬೆಳಕು, ಅಂದರೆ ನಮ್ಮ ಕಣ್ಣಿಗೆ ಕಾಣದ ಯುವಿ, ಅದರ ಮೇಲೆ ಬಿದ್ದಾಗ ಹರಳಿನೊಳಗೆ ಒಂದು ಎಲೆಕ್ಟ್ರಾನ್ ತನ್ನ ಜಾಗ ಬಿಟ್ಟು ಮೇಲಕ್ಕೆ ಜಿಗಿಯುತ್ತದೆ. ಅದು ಬಿಟ್ಟುಹೋದ ಜಾಗ ಖಾಲಿ ಗುಂಡಿ. ಗುಂಡಿಯು ಮೇಲ್ಮೈಯ ನೀರಿನ ತೇವದಿಂದ ಎಲೆಕ್ಟ್ರಾನ್ ಕಸಿದುಕೊಳ್ಳುತ್ತದೆ. ಜಿಗಿದ ಎಲೆಕ್ಟ್ರಾನ್ ಗಾಳಿಯ ಆಮ್ಲಜನಕಕ್ಕೆ ಅಂಟಿಕೊಳ್ಳುತ್ತದೆ. ಎರಡೂ ಕಡೆ ಹುಟ್ಟುವುದು ಬಲು ಚುರುಕಾದ, ಕ್ಷಣಮಾತ್ರ ಬದುಕುವ ಕಣಗಳು. ಪಕ್ಕದಲ್ಲಿ ಸಿಕ್ಕ ಎಣ್ಣೆ, ಬಣ್ಣ, ಬ್ಯಾಕ್ಟೀರಿಯಾದ ಹೊರಪೊರೆ, ಹೀಗೆ ಇಂಗಾಲದ ಯಾವುದನ್ನಾದರೂ ಅವು ಕಚ್ಚಿ ತುಂಡು ಮಾಡುತ್ತವೆ. ಎಲ್ಲ ಸರಿಯಾಗಿ ನಡೆದರೆ ಕೊನೆಗೆ ಉಳಿಯುವುದು ಇಂಗಾಲದ ಡೈಆಕ್ಸೈಡ್ ಮತ್ತು ನೀರು. ಟೈಟಾನಿಯಂ ಡೈಆಕ್ಸೈಡ್ ಮಾತ್ರ ಖರ್ಚಾಗುವುದಿಲ್ಲ. ಶಾಲೆಯ ಪುಸ್ತಕದ ಭಾಷೆಯಲ್ಲಿ ಅದು ವೇಗವರ್ಧಕ. ಬೆಳಕಿನಿಂದ ನಡೆಯುವುದರಿಂದ ಫೋಟೋಕ್ಯಾಟಲಿಸ್ಟ್.

ಈ ವಿಷಯ ಜಗತ್ತಿನ ಗಮನಕ್ಕೆ ಬಂದದ್ದು 1972ರಲ್ಲಿ. ಅಕಿರಾ ಫುಜಿಶಿಮಾ ಮತ್ತು ಕೆನಿಚಿ ಹೋಂಡಾ ಎಂಬ ಜಪಾನಿನ ಇಬ್ಬರು ವಿಜ್ಞಾನಿಗಳು ಟೈಟಾನಿಯಂ ಡೈಆಕ್ಸೈಡಿನ ಎಲೆಕ್ಟ್ರೋಡಿನ ಮೇಲೆ ಬೆಳಕು ಹಾಯಿಸಿ ನೀರನ್ನು ಒಡೆದದ್ದನ್ನು ಪ್ರಕಟಿಸಿದರು. ಇದರಲ್ಲಿ ಒಂದು ತಮಾಷೆ ಇದೆ. ಪೇಂಟ್ ಕಂಪನಿಗಳಿಗೆ ಈ ಗುಣ ಮೊದಲೇ ಒಂದು ತಲೆನೋವಾಗಿತ್ತು. ಹಳೆಯ ಹೊರಗೋಡೆಗೆ ಅಂಗೈ ಉಜ್ಜಿದರೆ ಬಿಳಿ ಪುಡಿ ಅಂಟುತ್ತದಲ್ವಾ? ಅದಕ್ಕೆ ಒಂದು ಕಾರಣ ಇದೇ. ಬಿಸಿಲಿನಲ್ಲಿ ಬಿಳಿ ಪುಡಿಯು ತನ್ನನ್ನು ಹಿಡಿದಿಟ್ಟ ಅಂಟನ್ನೇ ತಿಂದುಹಾಕುತ್ತದೆ. ಅದಕ್ಕಾಗಿ ಪೇಂಟ್‌ನವರು ರೂಟೈಲ್ ಬಗೆಯನ್ನು ಆರಿಸಿ, ಪ್ರತಿ ಕಣಕ್ಕೂ ಅಲ್ಯುಮಿನಾ, ಸಿಲಿಕಾದ ತೆಳು ಅಂಗಿ ತೊಡಿಸಿ ಅದರ ಬಾಯಿ ಕಟ್ಟುತ್ತಾರೆ. ಫೋಟೋಕ್ಯಾಟಲಿಸ್ಟ್ ಕೋಟಿಂಗಿನವರು ಆ ಬಾಯಿಯನ್ನು ಮತ್ತೆ ಬಿಚ್ಚುತ್ತಾರೆ. ಬಾಯಿ ಬಿಚ್ಚಿದ ಮೇಲೆ ಅದು ಕೊಳೆಯನ್ನೂ ತಿನ್ನಬಹುದು, ಕೋಟಿಂಗನ್ನೂ ತಿನ್ನಬಹುದು. ಸುರಕ್ಷತೆಯ ಅರ್ಧ ಪ್ರಶ್ನೆಗಳು ಹುಟ್ಟುವುದು ಇಲ್ಲಿಂದಲೇ.

ಈಗ ನೀಲಿ ನೀರಿಗೆ ಬರೋಣ. ಆ ಬಣ್ಣದ ಹೆಸರು ಮೆಥಿಲೀನ್ ಬ್ಲೂ. ಮೀನಿನ ತೊಟ್ಟಿ ಸಾಕುವವರಿಗೆ ಗೊತ್ತಿರುತ್ತದೆ. ಅದನ್ನು ಬಳಸುವ ಅಧಿಕೃತ ಪರೀಕ್ಷೆ ಇದೆ: ಅಂತರರಾಷ್ಟ್ರೀಯ ಮಾನದಂಡ ಸಂಸ್ಥೆಯ ಐಎಸ್‌ಒ 10678, ಮೊದಲ ಬಾರಿ ಬಂದದ್ದು 2010ರಲ್ಲಿ. ಅಲ್ಲಿ ಮಾಡುವುದಕ್ಕೂ ನಮ್ಮ ಬಿಸಿಲಿನ ಪ್ರದರ್ಶನಕ್ಕೂ ಹೋಲಿಸಿದರೆ ಅಡುಗೆಗೂ ಅಡುಗೆಯ ಫೋಟೋಗೂ ಇರುವಷ್ಟು ದೂರ.

ನೀಲಿ ಮಾಯವಾಗಲು ಕೋಟಿಂಗ್ ಬೇಕೇ ಬೇಕು ಅಂತಿಲ್ಲ. ಸುಮ್ನೆ ಬಿಸಿಲಿಗಿಟ್ಟರೂ ಅದು ಸ್ವಲ್ಪ ಮಂಕಾಗುತ್ತದೆ. ಸರಂಧ್ರ ಮೇಲ್ಮೈ ಇದ್ದರೆ ಬಣ್ಣವನ್ನು ಅದು ಹೀರಿಕೊಂಡು ನೀರು ತಿಳಿಯಾಗುತ್ತದೆ. ಅಲ್ಲಿ ಏನೂ ನಾಶವಾಗಿಲ್ಲ, ಬಣ್ಣ ನೀರಿನಿಂದ ಟೈಲ್ಸಿಗೆ ಹೋಗಿದೆ ಅಷ್ಟೇ. ಮೂರನೆಯದು ಇನ್ನೂ ಮೋಸದ್ದು. ಮೆಥಿಲೀನ್ ಬ್ಲೂ ಎಲೆಕ್ಟ್ರಾನ್ ಪಡೆದರೆ ಬಣ್ಣವಿಲ್ಲದ ಇನ್ನೊಂದು ರೂಪಕ್ಕೆ ತಿರುಗುತ್ತದೆ. ಗಾಳಿ ತಾಗಿದರೆ ಮತ್ತೆ ನೀಲಿಯಾಗಬಲ್ಲದು. ನಾಲ್ಕನೆಯದು, ಬಣ್ಣ ತಾನೇ ಕಣ್ಣಿಗೆ ಕಾಣುವ ಬೆಳಕನ್ನು ಹೀರಿ, ಎಲೆಕ್ಟ್ರಾನನ್ನು ಟೈಟಾನಿಯಂ ಡೈಆಕ್ಸೈಡಿಗೆ ದಾನ ಮಾಡಿ, ತಾನು ಹಾಳಾಗುತ್ತದೆ. "ನಮ್ಮದು ಮಾಮೂಲಿ ಬೆಳಕಿನಲ್ಲೂ ಕೆಲಸ ಮಾಡುತ್ತದೆ" ಎಂದು ಬಣ್ಣದ ನೀರಿನಿಂದ ತೋರಿಸುವವರು ಹಲವು ಸಲ ತೋರಿಸುತ್ತಿರುವುದು ಇದನ್ನೇ. ಬ್ಯಾಕ್ಟೀರಿಯಾ, ವಾಸನೆ, ಹೊಗೆ ಯಾವುದೂ ಬಣ್ಣವಲ್ಲ. ಅವು ಹೀಗೆ ತಾವಾಗಿ ಎಲೆಕ್ಟ್ರಾನ್ ದಾನ ಮಾಡುವುದಿಲ್ಲ.

ಹಾಗಾಗಿ ಲ್ಯಾಬಿನಲ್ಲಿ ಮೊದಲು ಮಾದರಿಯನ್ನು ಪರೀಕ್ಷೆಗಿಂತ ದಟ್ಟವಾದ ಬಣ್ಣದಲ್ಲಿ ಕತ್ತಲೆಯಲ್ಲಿ ನೆನೆಸುತ್ತಾರೆ. ಅದು ಹೀರಬೇಕಾದಷ್ಟನ್ನು ಹೀರಿ ಮುಗಿಸಲಿ ಅಂತ. ಆಮೇಲೆ ತೆಳುವಾದ ಹೊಸ ಬಣ್ಣದ ದ್ರಾವಣ ಹಾಕಿ, ಅಳೆದ ಯುವಿ ಬೆಳಕು ಬಿಟ್ಟು, ಬಣ್ಣ ಎಷ್ಟೆಷ್ಟು ಇಳಿಯಿತು ಎಂದು ಉಪಕರಣದಲ್ಲಿ ನೋಡುತ್ತಾರೆ. ಜೊತೆಗೆ ಅಂಥದೇ ಇನ್ನೊಂದು ಮಾದರಿಯನ್ನು ಕತ್ತಲೆಯಲ್ಲಿ ಇಟ್ಟಿರುತ್ತಾರೆ. ಕೋಟಿಂಗ್ ಇಲ್ಲದ ಇನ್ನೊಂದನ್ನೂ ಅದೇ ಬೆಳಕಿನಲ್ಲಿಟ್ಟು ನೋಡಿದರೆ ಚಿತ್ರ ಪೂರ್ತಿಯಾಗುತ್ತದೆ. ಬೆಳಕೊಂದೇ ಎಷ್ಟು ಮಾಡಿತು, ಹೀರುವಿಕೆಯೊಂದೇ ಎಷ್ಟು ಮಾಡಿತು ಎಂಬುದನ್ನು ಕಳೆದ ಮೇಲೆ ಉಳಿದದ್ದು ಕೋಟಿಂಗಿನ ಕೆಲಸ. ನಾನು ಕೇಳಿದ ಪಕ್ಕದ ತಟ್ಟೆ ಅದೇ.

ಇದಕ್ಕಿಂತ ಬೇಗದ ಒಂದು ಉಪಾಯವೂ ಇದೆ, ನನಗೆ ಬಹಳ ಇಷ್ಟವಾದದ್ದು. ರೆಸಝುರಿನ್ ಎಂಬ ಬಣ್ಣದ ಇಂಕನ್ನು ಕೋಟಿಂಗ್ ಮೇಲೆ ತೆಳ್ಳಗೆ ಬಳಿದು ಯುವಿ ತೋರಿಸಿದರೆ, ಚುರುಕಾದ ಕೋಟಿಂಗ್ ಮೇಲೆ ಅದು ಕೆಲವೇ ನಿಮಿಷಗಳಲ್ಲಿ ನೀಲಿಯಿಂದ ಗುಲಾಬಿಗೆ ತಿರುಗುತ್ತದೆ. 2018ರಲ್ಲಿ ಐಎಸ್‌ಒ 21066 ಎಂಬ ಹೆಸರಿನಲ್ಲಿ ಇದಕ್ಕೂ ಮಾನದಂಡ ಬಂತು. ಗೋಡೆಗೆ ಹಚ್ಚಿದ ಕೋಟಿಂಗ್ ವರ್ಷದ ಮೇಲೂ ಜೀವಂತವಾಗಿದೆಯೇ ಎಂದು ಸ್ಥಳದಲ್ಲೇ ನೋಡಲು ಒಳ್ಳೆಯ ದಾರಿ. ನಾಡಿ ಮಿಡಿಯುತ್ತಿದೆ ಎಂದು ಇದು ಹೇಳುತ್ತದೆ. ಆಳು ಎಷ್ಟು ಕೆಲಸ ಮಾಡುತ್ತಾನೆ ಎಂದು ಹೇಳುವುದಿಲ್ಲ.

ಆ ಭಾನುವಾರ ನಾನು ಕೇಳಬೇಕಿದ್ದ ಎರಡನೇ ಪ್ರಶ್ನೆ ಬೆಳಕಿನದು. ಲಾಬಿಯಲ್ಲಿ ಹಚ್ಚುವ ಕೋಟಿಂಗನ್ನು ಬಿಸಿಲಿನಲ್ಲಿ ತೋರಿಸಿದ್ದೇಕೆ? ಬಿಸಿಲಿನ ಶಕ್ತಿಯಲ್ಲಿ ಯುವಿ ಪಾಲು ಸುಮಾರು ಶೇಕಡ 5 ಮಾತ್ರ. ಆದರೂ ಹೊರಗಿನ ಗೋಡೆಗೆ ಅದು ಸಾಕು. ಕಿಟಕಿಯ ಗಾಜು ದಾಟಿ ಒಳಬರುವಾಗ, ಕಿಟಕಿಯಿಂದ ದೂರ ಸರಿದಂತೆ, ಅದು ಬಹಳ ಬೇಗ ಇಳಿದುಹೋಗುತ್ತದೆ. ಇನ್ನು ಎಲ್‌ಇಡಿ ಟ್ಯೂಬ್‌ಲೈಟ್ ಇದೆಯಲ್ಲ, ಅದರಲ್ಲಿ 400 ನ್ಯಾನೊಮೀಟರಿಗಿಂತ ಕೆಳಗೆ ಹೆಚ್ಚುಕಡಿಮೆ ಏನೂ ಇಲ್ಲ. ಮಾಮೂಲಿ ಟೈಟಾನಿಯಂ ಡೈಆಕ್ಸೈಡಿಗೆ ನಮ್ಮ ಲಿಫ್ಟ್ ಲಾಬಿ ಎಂದರೆ ಅಮಾವಾಸ್ಯೆ.

ಮಾನದಂಡ ಬರೆದವರಿಗೆ ಇದು ಗೊತ್ತಿತ್ತು. ಅದಕ್ಕೇ ಪರೀಕ್ಷೆಗಳು ಎರಡು ಕುಟುಂಬಗಳಾಗಿವೆ. ಗಾಳಿಯ ಶುದ್ಧಿಗೆ ಐಎಸ್‌ಒ 22197 ಸರಣಿ ಯುವಿ ಬೆಳಕಿನದು. ಐಎಸ್‌ಒ 17168 ಸರಣಿ ಒಳಾಂಗಣದ ಬೆಳಕಿನದು. ಬ್ಯಾಕ್ಟೀರಿಯಾಗೆ ಐಎಸ್‌ಒ 27447 ಯುವಿಯದು, ಐಎಸ್‌ಒ 17094 ಒಳಾಂಗಣದ್ದು. ಒಳಾಂಗಣದ ಪರೀಕ್ಷೆಯಲ್ಲಿ ದೀಪಕ್ಕೆ ಫಿಲ್ಟರ್ ಹಾಕಿ ಯುವಿಯನ್ನು ತಡೆಯುತ್ತಾರೆ. ಅಲ್ಲಿ ಪಾಸಾಗಬೇಕಾದರೆ ಟಂಗ್‌ಸ್ಟನ್ ಆಕ್ಸೈಡ್ ಸೇರಿಸಿದ್ದೋ, ತಾಮ್ರ ಕೂರಿಸಿದ್ದೋ, ನೈಟ್ರೋಜನ್ ಬೆರೆಸಿದ್ದೋ, ಹೀಗೆ ಬೇರೆ ಬಗೆಯ ಪುಡಿ ಬೇಕು. ನಿಮ್ಮ ಕೈಗೆ ಬಂದ ರಿಪೋರ್ಟಿನಲ್ಲಿ 27447 ಎಂದಿದ್ದು, ಮಾರುವವರು ಕಿಟಕಿಯಿಲ್ಲದ ಲಾಬಿಗೆ ಮಾರುತ್ತಿದ್ದರೆ, ರಿಪೋರ್ಟ್ ಸುಳ್ಳಲ್ಲ. ನಿಮ್ಮ ಲಾಬಿಯದ್ದಲ್ಲ, ಅಷ್ಟೇ.

ಗಾಳಿಯ ಪರೀಕ್ಷೆಯನ್ನು ಸ್ವಲ್ಪ ಬಿಡಿಸಿ ನೋಡೋಣ, ಯಾಕಂದ್ರೆ "ಹೊಗೆ ತಿನ್ನುವ ಗೋಡೆ" ಎಂಬ ಸುದ್ದಿಯ ಬೇರು ಇಲ್ಲಿದೆ. ಐಎಸ್‌ಒ 22197ರ ಮೊದಲ ಭಾಗ 2007ರಲ್ಲಿ ಬಂತು. ವಾಹನದ ಹೊಗೆಯಲ್ಲಿರುವ ನೈಟ್ರಿಕ್ ಆಕ್ಸೈಡ್ ಅನಿಲವನ್ನು ಕೋಟಿಂಗ್ ಎಷ್ಟು ತೆಗೆಯುತ್ತದೆ ಎಂಬುದು ಪ್ರಶ್ನೆ. ಮಾದರಿಯ ಗಾತ್ರ 5 ಸೆಂಟಿಮೀಟರ್ ಅಗಲ, 10 ಸೆಂಟಿಮೀಟರ್ ಉದ್ದ. ಒಂದು ಮೊಬೈಲಿಗಿಂತಲೂ ಚಿಕ್ಕದು. ಅದರ ಮೇಲೆ 5 ಮಿಲಿಮೀಟರ್ ಎತ್ತರದ ಸಂದು, ಮೇಲೊಂದು ಗಾಜು. ಆ ಸಂದಿನಲ್ಲಿ ನಿಮಿಷಕ್ಕೆ 3 ಲೀಟರ್ ಗಾಳಿ. ಅದರಲ್ಲಿ 10 ಲಕ್ಷಕ್ಕೆ 1 ಪಾಲು ನೈಟ್ರಿಕ್ ಆಕ್ಸೈಡ್. ಮೇಲಿನಿಂದ ಚದರ ಮೀಟರಿಗೆ 10 ವ್ಯಾಟ್ ಯುವಿ. 5 ಗಂಟೆ.

ಈಗ ಒಂದು ಮನೆಲೆಕ್ಕ. ಆ ಸಂದಿನಲ್ಲಿ ಹಿಡಿಸುವ ಗಾಳಿ 25 ಘನ ಸೆಂಟಿಮೀಟರ್. ಸೆಕೆಂಡಿಗೆ 50 ಘನ ಸೆಂಟಿಮೀಟರ್ ಹರಿಯುತ್ತದೆ. ಅಂದರೆ ಗಾಳಿ ಅಲ್ಲಿ ಇರುವುದು ಅರ್ಧ ಸೆಕೆಂಡು. ಕಡಿಮೆ ಅನಿಸುತ್ತದೆ. ಆದರೆ ಆ ಅರ್ಧ ಸೆಕೆಂಡಿನಲ್ಲಿ ಗಾಳಿಯ ಯಾವ ಅಣುವೂ ಕೋಟಿಂಗಿನಿಂದ 5 ಮಿಲಿಮೀಟರಿಗಿಂತ ದೂರ ಇಲ್ಲ. ಒಂದು ಘನ ಮೀಟರ್ ಗಾಳಿಗೆ 200 ಚದರ ಮೀಟರ್ ಕೋಟಿಂಗ್ ಸಿಕ್ಕಂತೆ. 20 ಮೀಟರ್ ಅಗಲದ ರಸ್ತೆ, ಎರಡೂ ಕಡೆ 20 ಮೀಟರ್ ಎತ್ತರದ ಕಟ್ಟಡ, ಎರಡೂ ಗೋಡೆಗೆ ಪೂರ್ತಿ ಕೋಟಿಂಗ್ ಎಂದುಕೊಳ್ಳಿ. ಅಲ್ಲಿ ಒಂದು ಘನ ಮೀಟರ್ ಗಾಳಿಗೆ ಸಿಗುವುದು 0.1 ಚದರ ಮೀಟರ್. ಎರಡು ಸಾವಿರ ಪಟ್ಟು ಕಡಿಮೆ. ಗೋಡೆಗೆ ಎಷ್ಟೇ ಹಸಿವಿದ್ದರೂ ಊಟ ಬಾಯಿಯ ಹತ್ತಿರ ಬರಬೇಕಲ್ಲ! ರಸ್ತೆಯ ಮಧ್ಯದ ಹೊಗೆ ಗೋಡೆ ಮುಟ್ಟುವ ಮೊದಲೇ ಗಾಳಿಗೆ ಮೇಲೆ ಹೋಗಿಬಿಡುತ್ತದೆ.

ಇದು ಬರೀ ಲೆಕ್ಕ ಅನ್ನುವವರಿಗೆ ಯುರೋಪಿನಲ್ಲಿ ನಡೆದ ಪ್ರಯೋಗ ಇದೆ. ಯುರೋಪಿಯನ್ ಒಕ್ಕೂಟದ ಹಣದಿಂದ ನಡೆದ ಫೋಟೋಪ್ಯಾಕ್ ಎಂಬ ಯೋಜನೆ 2011ರಿಂದ 2013ರ ನಡುವೆ ಬ್ರಸೆಲ್ಸ್ ನಗರದ ಲಿಯೋಪೋಲ್ಡ್ 2 ಸುರಂಗ ರಸ್ತೆಯ ಒಂದು ಭಾಗಕ್ಕೆ ಫೋಟೋಕ್ಯಾಟಲಿಸ್ಟ್ ಸಿಮೆಂಟ್ ಬಳಿದು, ಯುವಿ ದೀಪ ಹಾಕಿ, ಹಚ್ಚುವ ಮೊದಲು ಮತ್ತು ನಂತರ ಅಳೆಯಿತು. ಮುಚ್ಚಿದ ಸುರಂಗ, ಬೇಕಾದಷ್ಟು ಹೊಗೆ. ಪ್ರಯೋಗಕ್ಕೆ ಇದಕ್ಕಿಂತ ಅನುಕೂಲದ ಜಾಗ ಸಿಗದು. ಬಂದ ಫಲಿತಾಂಶ? ಅಳತೆಯ ತಪ್ಪಿನ ಮಿತಿಯೊಳಗೆ ಯಾವ ಇಳಿಕೆಯೂ ಕಾಣಲಿಲ್ಲ. ಇದ್ದರೂ ಶೇಕಡ 2ರೊಳಗೆ ಎಂದರು. ಕಾರಣಗಳನ್ನೂ ಹುಡುಕಿದರು. ದೀಪದ ಬೆಳಕು ಅಂದುಕೊಂಡದ್ದಕ್ಕಿಂತ ಬಹಳ ಕಡಿಮೆ ಇತ್ತು. ಗಾಳಿ ಜೋರಾಗಿತ್ತು, ತೇವ ಜಾಸ್ತಿ ಇತ್ತು. ಎಲ್ಲಕ್ಕಿಂತ ಮುಖ್ಯವಾಗಿ, ಸುರಂಗದ ಮಸಿಯಲ್ಲಿ ಕೋಟಿಂಗ್ ತನ್ನ ಚುರುಕನ್ನೇ ಕಳೆದುಕೊಂಡಿತ್ತು.

ಅದೇ ತಂಡ ಇಟಲಿಯ ಬೆರ್ಗಾಮೊ ಹತ್ತಿರ ಇನ್ನೊಂದು ಪ್ರಯೋಗ ಮಾಡಿತು. ಅದರ ವಿನ್ಯಾಸ ನೋಡಿದಾಗ ನನಗೆ ನಮ್ಮ ಸಭೆಯ ತಟ್ಟೆ ನೆನಪಾಯಿತು. ಅವರು ಬಯಲಿನಲ್ಲಿ ಒಂದಲ್ಲ, ಎರಡು ಕೃತಕ ಬೀದಿಗಳನ್ನು ಅಕ್ಕಪಕ್ಕ ಕಟ್ಟಿದರು. ಗೋಡೆ, ನೆಲ ಎಲ್ಲ ಒಂದೇ ಥರ. ಒಂದಕ್ಕೆ ಕೋಟಿಂಗ್ ಹಚ್ಚಿದರು, ಇನ್ನೊಂದಕ್ಕೆ ಹಚ್ಚಲಿಲ್ಲ. ಒಂದೇ ಬಿಸಿಲು, ಒಂದೇ ಗಾಳಿ, ಒಂದೇ ಸಮಯ. ಅಲ್ಲೂ ವ್ಯತ್ಯಾಸ ಶೇಕಡ 2ನ್ನು ದಾಟಲಿಲ್ಲ. ಲ್ಯಾಬಿನಲ್ಲಿ ಚೆನ್ನಾಗಿ ಕೆಲಸ ಮಾಡಿದ ವಸ್ತುವೇ ಅದು. ಬ್ರಿಟನ್ ಸರ್ಕಾರಕ್ಕೆ ಸಲಹೆ ಕೊಡುವ ಗಾಳಿ ಗುಣಮಟ್ಟದ ತಜ್ಞರ ತಂಡ 2016ರಲ್ಲಿ ಅಲ್ಲಿವರೆಗಿನ ಪ್ರಯೋಗಗಳನ್ನೆಲ್ಲ ನೋಡಿ, ಇಂಥ ಪೇಂಟ್ ಮತ್ತು ಮೇಲ್ಮೈಗಳಿಂದ ಊರಿನ ಗಾಳಿ ಸುಧಾರಿಸುತ್ತದೆ ಎನ್ನಲು ಪುರಾವೆ ತೀರಾ ಕಡಿಮೆ ಎಂಬ ತೀರ್ಮಾನಕ್ಕೆ ಬಂತು.

ಹಾಗಾದರೆ ಇದೆಲ್ಲ ಬೊಗಳೆಯೇ? ಅಲ್ಲ. ಚೆನ್ನಾಗಿ ನಡೆಯುತ್ತಿರುವ ಜಾಗವೂ ಇದೆ: ಕಿಟಕಿ ಗಾಜು. ಪಿಲ್ಕಿಂಗ್ಟನ್ ಕಂಪನಿ 2001ರಲ್ಲಿ ಮಾರುಕಟ್ಟೆಗೆ ತಂದ ಸ್ವಯಂ ತೊಳೆಯುವ ಗಾಜಿನ ಮೇಲೆ ಟೈಟಾನಿಯಂ ಡೈಆಕ್ಸೈಡಿನ ಪದರ ಸುಮಾರು 15 ನ್ಯಾನೊಮೀಟರ್ ದಪ್ಪದ್ದು. ಹೊರಗಿನ ಗಾಜಿನ ಮೇಲೆ ಎಣ್ಣೆಯ ಪಸೆ ನಿಧಾನಕ್ಕೆ ಕೂರುತ್ತದೆ, ಬಿಸಿಲು ಇಡೀ ದಿನ ಬೀಳುತ್ತದೆ. ಕೊಳೆ ತಾನಾಗಿಯೇ ಕೋಟಿಂಗಿಗೆ ಅಂಟಿಕೊಂಡಿರುವುದರಿಂದ ಅದನ್ನು ಗಾಳಿಯಲ್ಲಿ ಹುಡುಕಿಕೊಂಡು ಹೋಗಬೇಕಿಲ್ಲ. ಇದರ ಜೊತೆ ಇನ್ನೊಂದು ಗುಣ ಸೇರುತ್ತದೆ. ಯುವಿ ಬಿದ್ದ ಟೈಟಾನಿಯಂ ಡೈಆಕ್ಸೈಡ್ ಮೇಲೆ ನೀರು ಹನಿಯಾಗಿ ನಿಲ್ಲದೆ ಹಾಳೆಯಾಗಿ ಹರಡುತ್ತದೆ. ಮಳೆ ಬಂದಾಗ ನೀರು ಕೊಳೆಯ ಅಡಿಗೆ ನುಗ್ಗಿ ಎತ್ತಿಕೊಂಡು ಹೋಗುತ್ತದೆ, ಹನಿಗಳ ಕಲೆಯೂ ಉಳಿಯುವುದಿಲ್ಲ. ಇದರ ಪರೀಕ್ಷೆ ಐಎಸ್‌ಒ 27448. ಗಾಜಿಗೆ ಒಲಿಯಿಕ್ ಆಮ್ಲ ಎಂಬ ಎಣ್ಣೆಯಂಥದ್ದನ್ನು ಸವರಿ, ಒಂದು ಹನಿ ನೀರಿಟ್ಟು, ಹನಿಯ ಅಂಚು ಗಾಜಿನ ಜೊತೆ ಮಾಡುವ ಕೋನ ಅಳೆಯುತ್ತಾರೆ. ಯುವಿ ಬೆಳಕಿನಲ್ಲಿ ಎಣ್ಣೆ ಕರಗಿದಂತೆ ಹನಿ ಚಪ್ಪಟೆಯಾಗುತ್ತ ಹೋಗುತ್ತದೆ. ಇಲ್ಲಿ ಪರೀಕ್ಷೆಯೂ ನಿಜಜೀವನವೂ ಹತ್ತಿರ ಹತ್ತಿರ ಇವೆ. ಒಂದೇ ಷರತ್ತು: ಬಿಸಿಲು ಮತ್ತು ಮಳೆ ಎರಡೂ ತಾಗಬೇಕು. ಸಜ್ಜಾದ ಅಡಿಯಲ್ಲಿ, ಮಳೆ ಬೀಳದ ಕಡೆ ಹಾಕಿಸಿಕೊಂಡು ಕೊಳೆ ಹೋಗಲಿಲ್ಲ ಅಂದರೆ ತಪ್ಪು ಗಾಜಿನದಲ್ಲ.

ಬ್ಯಾಕ್ಟೀರಿಯಾ ಪರೀಕ್ಷೆಗೆ ಬಂದರೆ, ಇಲ್ಲಿ ಒಂದಲ್ಲ, ಮೂರು ಪಕ್ಕದ ತಟ್ಟೆಗಳು ಬೇಕು. 5 ಸೆಂಟಿಮೀಟರ್ ಚೌಕದ ಮಾದರಿಯ ಮೇಲೆ ಬ್ಯಾಕ್ಟೀರಿಯಾ ಇರುವ ಒಂದು ಹನಿ ಹಾಕಿ, ಪಾರದರ್ಶಕ ಫಿಲ್ಮ್ ಮುಚ್ಚಿ ತೆಳ್ಳಗೆ ಹರಡುತ್ತಾರೆ. ಒಣಗದಂತೆ ತೇವದಲ್ಲಿಟ್ಟು ಸಾಮಾನ್ಯವಾಗಿ 8 ಗಂಟೆ ಬೆಳಕು ತೋರಿಸುತ್ತಾರೆ. ಆಮೇಲೆ ಬದುಕುಳಿದವನ್ನು ಎಣಿಸುತ್ತಾರೆ. ಕೋಟಿಂಗ್ ಇದ್ದು ಬೆಳಕಿರುವುದು, ಕೋಟಿಂಗ್ ಇದ್ದು ಕತ್ತಲಿರುವುದು, ಕೋಟಿಂಗ್ ಇಲ್ಲದೆ ಬೆಳಕಿರುವುದು, ಎರಡೂ ಇಲ್ಲದ್ದು. ಯುವಿ ತಾನೇ ಬ್ಯಾಕ್ಟೀರಿಯಾಕ್ಕೆ ಒಗ್ಗದ್ದು, ಅದರ ಪಾಲನ್ನು ಕಳೆಯಬೇಕು. ಕತ್ತಲೆಯಲ್ಲೂ ಸಾಯುತ್ತಿದ್ದರೆ ಕೋಟಿಂಗಿನಲ್ಲಿ ಬೆಳ್ಳಿಯೋ ತಾಮ್ರವೋ ಇದೆ ಎಂದು ಗುಮಾನಿ ಪಡಬೇಕು. ಅದು ತಪ್ಪೇನಲ್ಲ, ಆದರೆ ಆಗ ಅದು ಬೆಳಕಿನ ಮಹಿಮೆಯಲ್ಲ. ಬೆಳ್ಳಿ ಮುಗಿದ ಮೇಲೆ ಆ ಕೆಲಸವೂ ಮುಗಿಯಿತು.

"ಶೇಕಡ 99" ಎಂಬ ಮಾತಿನ ಹಿಂದೆ 8 ಗಂಟೆ ಇದೆ ಎಂಬುದು ಜಾಹೀರಾತಿನಲ್ಲಿ ಬರುವುದಿಲ್ಲ. 1 ಲಕ್ಷ ಬ್ಯಾಕ್ಟೀರಿಯಾ 1 ಸಾವಿರಕ್ಕೆ ಇಳಿಯಿತು, 8 ಗಂಟೆಯಲ್ಲಿ. ನಮ್ಮ ಲಿಫ್ಟಿನ ಗುಂಡಿಯನ್ನು ಬೆಳಿಗ್ಗೆ 8 ನಿಮಿಷಕ್ಕೆ ಎಷ್ಟು ಜನ ಒತ್ತುತ್ತಾರೋ! ಇನ್ನೊಂದು ವಿಷಯ: ಪರೀಕ್ಷೆಯ ಹನಿಯಲ್ಲಿ ಪೋಷಕಾಂಶ ಬಹಳ ತೆಳು, ಹೆಚ್ಚುಕಡಿಮೆ ತಿಳಿನೀರು. ಗುಂಡಿಯ ಮೇಲಿರುವುದು ಬೆವರು, ಎಣ್ಣೆ, ಧೂಳು. ಫೋಟೋಕ್ಯಾಟಲಿಸ್ಟ್‌ಗೆ ಬ್ಯಾಕ್ಟೀರಿಯಾ ಬೇರೆ, ಎಣ್ಣೆ ಬೇರೆ ಎಂಬ ಭೇದವಿಲ್ಲ. ಮೊದಲು ಸಿಕ್ಕಿದ್ದನ್ನು ತಿನ್ನುತ್ತದೆ. ಕೊರೊನಾ ಕಾಲದಲ್ಲಿ ಬಂದ "ವೈರಸ್ ಕೊಲ್ಲುವ" ಮಾತುಗಳಿಗೂ ಇದೇ ಕಥೆ. ಅದರ ಮಾನದಂಡವಾದ ಐಎಸ್‌ಒ 18061ರಲ್ಲಿ ಬಳಸುವುದು ಕ್ಯೂ-ಬೀಟಾ ಎಂಬ, ಬ್ಯಾಕ್ಟೀರಿಯಾಕ್ಕೆ ಮಾತ್ರ ತಗಲುವ ವೈರಸ್. ಲ್ಯಾಬಿನವರಿಗೆ ಅಪಾಯವಿಲ್ಲದೆ ಹೋಲಿಕೆ ಮಾಡಲು ಅದು ಸರಿಯಾದ ಆಯ್ಕೆ. ಮನುಷ್ಯರ ಕಾಯಿಲೆ ತಡೆಯುತ್ತದೆ ಎಂದು ಅದರಿಂದ ಹೇಳಲಾಗದು.

ಇನ್ನು ಸುರಕ್ಷತೆ. ಇಲ್ಲಿ ಜನ ಕೇಳುವ ಮೊದಲ ಪ್ರಶ್ನೆ, "ಟೈಟಾನಿಯಂ ಡೈಆಕ್ಸೈಡ್ ಕ್ಯಾನ್ಸರ್ ತರುತ್ತದಂತೆ ಹೌದಾ?" ಉತ್ತರ ಅದು ಯಾವ ರೂಪದಲ್ಲಿ, ಯಾವ ದಾರಿಯಿಂದ ದೇಹಕ್ಕೆ ಹೋಗುತ್ತದೆ ಎಂಬುದರ ಮೇಲಿದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಅದನ್ನು 2ಬಿ ಗುಂಪಿಗೆ, ಅಂದರೆ ಮನುಷ್ಯರಿಗೆ ಕ್ಯಾನ್ಸರ್ ತರುವ ಸಾಧ್ಯತೆ ಇರಬಹುದಾದ ವಸ್ತುಗಳ ಗುಂಪಿಗೆ ಹಾಕಿದೆ. ಇದಕ್ಕೆ ಮುಖ್ಯ ಆಧಾರ ಪುಡಿಯನ್ನು ದೀರ್ಘಕಾಲ ಉಸಿರಾಡಿದ ಇಲಿಗಳ ಶ್ವಾಸಕೋಶದಲ್ಲಿ ಕಂಡ ಗಡ್ಡೆಗಳು. 1985ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಘನ ಮೀಟರ್ ಗಾಳಿಗೆ 250 ಮಿಲಿಗ್ರಾಂ ಪುಡಿ ಇತ್ತು. ಯುರೋಪಿಯನ್ ಒಕ್ಕೂಟ ನುಣ್ಣನೆಯ ಪುಡಿಗೆ ಕ್ಯಾನ್ಸರ್ ಎಚ್ಚರಿಕೆಯ ಹಣೆಪಟ್ಟಿ ಕೊಟ್ಟಿತು. 2022ರ ನವೆಂಬರ್‌ನಲ್ಲಿ ಅಲ್ಲಿಯ ಕೋರ್ಟ್ ಅದನ್ನು ರದ್ದು ಮಾಡಿತು. 2025ರಲ್ಲಿ ಮೇಲಿನ ಕೋರ್ಟೂ ಆ ರದ್ದತಿಯನ್ನೇ ಎತ್ತಿಹಿಡಿಯಿತು. ಅದೇ ಒಕ್ಕೂಟ 2022ರಲ್ಲಿ ಇದನ್ನು ತಿನ್ನುವ ಪದಾರ್ಥಗಳಿಗೆ ಬಣ್ಣವಾಗಿ ಬಳಸುವುದನ್ನು ನಿಷೇಧಿಸಿತು. ಅದು ಹೊಟ್ಟೆಯ ದಾರಿ, ಬೇರೆ ಲೆಕ್ಕ. ಗೋಡೆಗೆ ಸಂಬಂಧವಿಲ್ಲ.

ಗೋಡೆಗೆ ಸಂಬಂಧ ಇರುವುದು ಸ್ಪ್ರೇ ಮಾಡುವ ಒಂದೆರಡು ಗಂಟೆ. ಅಮೆರಿಕದ ಕಾರ್ಮಿಕ ಆರೋಗ್ಯ ಸಂಸ್ಥೆ ನಿಯೋಶ್ 2011ರಲ್ಲಿ ಕೆಲಸದ ಜಾಗದ ಗಾಳಿಗೆ ಎರಡು ಬೇರೆ ಮಿತಿಗಳನ್ನು ಸೂಚಿಸಿತು. ಸಾಮಾನ್ಯ ನುಣುಪಿನ ಪುಡಿಗೆ ಘನ ಮೀಟರಿಗೆ 2.4 ಮಿಲಿಗ್ರಾಂ. ನ್ಯಾನೊ ಗಾತ್ರದ ಪುಡಿಗೆ 0.3 ಮಿಲಿಗ್ರಾಂ. ಎಂಟು ಪಟ್ಟು ಬಿಗಿ. ಒಂದೇ ತೂಕದ ಪುಡಿ ಚಿಕ್ಕ ಕಣಗಳಾದಷ್ಟೂ ಅದರ ಮೈ ದೊಡ್ಡದಾಗುತ್ತದೆ, ಶ್ವಾಸಕೋಶಕ್ಕೆ ತಾಗುವುದು ಆ ಮೈ. ಫೋಟೋಕ್ಯಾಟಲಿಸ್ಟ್ ಕೋಟಿಂಗುಗಳಲ್ಲಿ ಸಾಮಾನ್ಯವಾಗಿ ಇರುವುದು ನ್ಯಾನೊ ಕಣಗಳೇ. ಒಣಗಿದ ಮೇಲೆ ಕಣ ಪದರದಲ್ಲಿ ಸಿಕ್ಕಿಕೊಂಡಿರುತ್ತದೆ. ಮಂಜಿನಂತೆ ಗಾಳಿಯಲ್ಲಿ ತೇಲುವಾಗ ಮೂಗಿಗೆ ನೇರ ದಾರಿ. ಹಾಗಾಗಿ ಮನೆಯವರಿಗಿಂತ ಜಾಸ್ತಿ ಚಿಂತೆ ಮಾಡಬೇಕಾದದ್ದು, ದಿನಾ ಇದೇ ಕೆಲಸ ಮಾಡುವ ಹುಡುಗನ ಬಗ್ಗೆ. ಮುಖಕ್ಕೆ ಕರವಸ್ತ್ರ ಕಟ್ಟಿಕೊಂಡು ಸ್ಪ್ರೇ ಮಾಡುವುದನ್ನು ನಾವೆಲ್ಲ ನೋಡಿದ್ದೇವೆ. ಅವನಿಗೆ ಮುಖಕ್ಕೆ ಸರಿಯಾಗಿ ಕೂರುವ ಎನ್95 ಥರದ ಮಾಸ್ಕ್ ಬೇಕು. ಬ್ರಷ್ ಅಥವಾ ರೋಲರಿನಲ್ಲಿ ಹಚ್ಚಬಹುದಾದರೆ ಇನ್ನೂ ಒಳ್ಳೆಯದು.

ಒಣಗಿದ ಪದರ ನಿಜಕ್ಕೂ ಹಿಡಿದಿಟ್ಟುಕೊಳ್ಳುತ್ತದೆಯೇ ಎಂದು ನೋಡುವ ಪರೀಕ್ಷೆಗಳು ಪೇಂಟ್ ಲೋಕದವೇ. ಬ್ಲೇಡಿನಿಂದ ಚೌಕಳಿ ಗೀಚಿ ಟೇಪ್ ಅಂಟಿಸಿ ಕೀಳುವುದು, ಒದ್ದೆ ಬ್ರಷ್ಷಿನಿಂದ ನೂರಾರು ಸಲ ತಿಕ್ಕುವುದು, ತಿರುಗುವ ಒರಟು ಗಾಲಿಗಳ ಕೆಳಗೆ ಸವೆಸುವುದು, ಯುವಿ ಮತ್ತು ನೀರಿನ ಪೆಟ್ಟಿಗೆಯಲ್ಲಿ ವಾರಗಟ್ಟಲೆ ಇಡುವುದು. ಮಾಮೂಲಿ ಪೇಂಟ್‌ನಲ್ಲಿ ಇಷ್ಟು ಸಾಕು. ಇಲ್ಲಿ ಮಾತ್ರ ಸವೆಸಿದ ಮೇಲೆ ಚುರುಕಿನ ಪರೀಕ್ಷೆಯನ್ನು ಮತ್ತೆ ಮಾಡಬೇಕು, ಸವೆದಾಗ ಗಾಳಿಗೂ ನೀರಿಗೂ ಎಷ್ಟು ಕಣ ಬಿಟ್ಟಿತು ಎಂದೂ ಎಣಿಸಬೇಕು. ಹೊಸ ಮಾದರಿಯ ಫಲಿತಾಂಶ ಒಂದನ್ನೇ ಕೊಟ್ಟು "5 ವರ್ಷ ಬಾಳಿಕೆ" ಎಂದರೆ ಆ 5 ಎಲ್ಲಿಂದ ಬಂತು ಎಂದು ಕೇಳುವುದು ನಮ್ಮ ಹಕ್ಕು.

ಕೊನೆಗೆ ಎಲ್ಲಕ್ಕಿಂತ ಕಡಿಮೆ ಮಾತಾಡುವ, ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುವ ವಿಷಯ: ಅರ್ಧ ಊಟ. ಫೋಟೋಕ್ಯಾಟಲಿಸ್ಟ್ ಒಂದು ಅಣುವನ್ನು ಒಂದೇ ಏಟಿಗೆ ಇಂಗಾಲದ ಡೈಆಕ್ಸೈಡ್ ಮಾಡುವುದಿಲ್ಲ. ಹಂತ ಹಂತವಾಗಿ ಒಡೆಯುತ್ತದೆ. ಬೆಳಕು ಸಾಲದಿದ್ದರೆ, ಗಾಳಿ ಬೇಗ ಹಾದುಹೋದರೆ, ಮಧ್ಯದ ಹಂತದ ತುಂಡುಗಳು ಕೋಣೆಗೆ ಬರುತ್ತವೆ. ಸ್ಯಾನಿಟೈಸರಿನ ಎಥನಾಲ್ ಮೊದಲು ಅಸಿಟಾಲ್ಡಿಹೈಡ್ ಆಗುತ್ತದೆ, ಮೂಲಕ್ಕಿಂತ ಕೆಟ್ಟದ್ದು. ಪೇಂಟ್‌ನ ಅಂಟು ಅಕ್ರಿಲಿಕ್ ಥರದ್ದಾಗಿದ್ದರೆ ಅದೇ ಒಡೆದು ಫಾರ್ಮಾಲ್ಡಿಹೈಡ್ ಬಿಡಬಹುದು. ಇದು ಕ್ಯಾನ್ಸರ್ ತರುತ್ತದೆ ಎಂದು ಖಚಿತವಾದ ವಸ್ತು. ಗಾಳಿ ಶುದ್ಧ ಮಾಡಲು ಹಚ್ಚಿದ ಪೇಂಟೇ ಗಾಳಿ ಕೆಡಿಸುವ ಸ್ಥಿತಿ. ಅದಕ್ಕೆ ತಿಳಿದವರು ಸಿಲಿಕೇಟಿನಂಥ, ಸುಲಭಕ್ಕೆ ಒಡೆಯದ ಅಂಟು ಬಳಸುತ್ತಾರೆ.

ನೈಟ್ರಿಕ್ ಆಕ್ಸೈಡಿನಲ್ಲೂ ಹೀಗೇ. ಅದು ಮೊದಲು ನೈಟ್ರೋಜನ್ ಡೈಆಕ್ಸೈಡ್ ಆಗಿ, ನಂತರ ನೈಟ್ರೇಟ್ ಆಗಿ ಮೇಲ್ಮೈಯಲ್ಲಿ ಉಳಿಯಬೇಕು, ಮಳೆಗೆ ತೊಳೆದುಹೋಗಬೇಕು. ಮಧ್ಯದಲ್ಲೇ ಬಿಟ್ಟರೆ ಹೊರಬರುವ ನೈಟ್ರೋಜನ್ ಡೈಆಕ್ಸೈಡ್ ಶ್ವಾಸಕೋಶಕ್ಕೆ ಮೂಲಕ್ಕಿಂತ ಹೆಚ್ಚು ಅಪಾಯ. "ನೈಟ್ರಿಕ್ ಆಕ್ಸೈಡ್ ಇಷ್ಟು ಶೇಕಡ ಹೋಯಿತು" ಎಂದಷ್ಟೇ ಬರೆದ ರಿಪೋರ್ಟ್ ಈ ವಿಷಯದಲ್ಲಿ ಮೌನ. ಐಎಸ್‌ಒ 22197ರ ಮೊದಲ ಭಾಗ ಬರೆದವರು ಇದನ್ನೂ ಯೋಚಿಸಿದ್ದರು. ನೈಟ್ರೋಜನ್ ಡೈಆಕ್ಸೈಡನ್ನೂ ಅಳೆಯಬೇಕು. ಪರೀಕ್ಷೆ ಮುಗಿದ ಮೇಲೆ ಮಾದರಿಯನ್ನು ನೀರಿನಲ್ಲಿ ನೆನೆಸಿ, ಇಳಿದ ನೈಟ್ರೇಟ್ ಎಷ್ಟು ಎಂದು ನೋಡಬೇಕು. ಹೋದದ್ದಕ್ಕೂ ಸಿಕ್ಕಿದ್ದಕ್ಕೂ ತಾಳೆಯಾಗಬೇಕು. ದಿನದ ಕೊನೆಗೆ ಅಂಗಡಿಯವರು ಗಲ್ಲಾ ಎಣಿಸುತ್ತಾರಲ್ಲ, ಹಾಗೆ.

ಸಭೆಯ ದಿನ ಕಂಪನಿಯ ಆ ಮನುಷ್ಯರು ತಮ್ಮ ಫೈಲನ್ನು ನನ್ನ ಕೈಗೆ ಕೊಟ್ಟರು. ಪಾಪ, ಮರೆಮಾಚುವ ಉದ್ದೇಶ ಇರಲಿಲ್ಲ. ಫೈಲಿನಲ್ಲಿ ಎರಡು ಪುಟದ ಒಂದು ಲ್ಯಾಬ್ ರಿಪೋರ್ಟ್ ಇತ್ತು. ಮೊದಲ ಪುಟದ ಮೇಲೆ ಎನ್‌ಎಬಿಎಲ್ ಮುದ್ರೆ. ಅದು ಲ್ಯಾಬಿಗೆ ಸಿಗುವ ಮಾನ್ಯತೆ, ಅದೂ ನಿರ್ದಿಷ್ಟ ಪರೀಕ್ಷೆಗಳಿಗೆ ಮಾತ್ರ. ಯಾವ ಪರೀಕ್ಷೆಗೆ ಎಂಬ ಪಟ್ಟಿಯನ್ನು ಯಾರು ಬೇಕಾದರೂ ನೋಡಬಹುದು. ಎರಡನೇ ಪುಟದ ಕೆಳಗೆ ಚಿಕ್ಕ ಅಕ್ಷರದಲ್ಲಿ ಪರೀಕ್ಷೆಯ ಬೆಳಕಿನ ವಿವರ: 365 ನ್ಯಾನೊಮೀಟರ್ ಯುವಿ. ಮಾದರಿ ಯಾವುದು ಎಂಬಲ್ಲಿ "ಗಾಜು". ಅವರು ಹಚ್ಚಲು ಹೊರಟದ್ದು ಸ್ಟೀಲ್ ಕಂಬಿಗೆ, ಎಮಲ್ಷನ್ ಗೋಡೆಗೆ, ಎಲ್‌ಇಡಿ ಬೆಳಕಿನಲ್ಲಿ.

"ಒಳಾಂಗಣದ ಬೆಳಕಿನ ರಿಪೋರ್ಟ್ ತಂದುಕೊಡಿ, ಇದೇ ಪೇಂಟ್ ಮೇಲೆ ಮಾಡಿದ್ದು. ಫಾರ್ಮಾಲ್ಡಿಹೈಡ್ ಬಿಡುತ್ತದೆಯೇ ಅನ್ನುವುದೂ ಇರಲಿ" ಎಂದು ಕಾರ್ಯದರ್ಶಿಗಳು ಬಾಯಿಮಾತಿನಲ್ಲೇ ಹೇಳಿದರು. ಆಗಲಿ ಎಂದು ಕಂಪನಿಯವರು ತಟ್ಟೆಯನ್ನು ತೊಳೆದು ಚೀಲಕ್ಕೆ ಹಾಕಿಕೊಂಡರು. ನಾಲ್ಕು ತಿಂಗಳಾಯಿತು. ಲಿಫ್ಟಿನ ಗುಂಡಿಯನ್ನು ನಮ್ಮ ಹೌಸ್‌ಕೀಪಿಂಗ್‌ನವರು ದಿನಕ್ಕೆ ಎರಡು ಸಲ ಸೋಪುನೀರಿನ ಬಟ್ಟೆಯಲ್ಲಿ ಒರೆಸುತ್ತಿದ್ದಾರೆ.